ಕೆಟ್ಟ ಸುದ್ದಿ ಹೇಳುವ ಕ್ರಮ

“ರಿಪೋರ್ಟ್ ಬಂದದ್ರಿ, ಜಲಜಾಕ್ಷಿಯವರೇ. ಅದು ಕ್ಯಾನ್ಸರ್ ಅದ.”

ಅಭಿಜೀತ ಮೆಲ್ಲಗೆ ಹೇಳಿದ್ದು ಪಕ್ಕದ ಮೇಜು ಒರೆಸುತ್ತಿದ್ದ ರಮೀಝ್‌ನ ಕಿವಿಗೆ ಬಿತ್ತು. ಅವನು ಬಟ್ಟೆ ಅಲ್ಲೇ ಬಿಟ್ಟು ಒಳಗೆ ಹೋಗಿ, ಒಂದು ಪ್ಲೇಟ್ ಹಲ್ವಾ ತಂದು ಅಭಿಜೀತನೆದುರು ಕೂತಿದ್ದ ಭವ್ಯಶ್ರೀಯ ಮುಂದಿಟ್ಟ.

“ದುಡ್ಡು ಬೇಡ ಅಕ್ಕ. ಧೈರ್ಯ ಬಿಡಬೇಡಿ.”

ಭವ್ಯಶ್ರೀಗೆ ನಗು ತಡೆಯಲಾಗಲಿಲ್ಲ. “ನನಗೆ ಎಂತದೂ ಇಲ್ಲ ಮಾರಾಯ! ನಾನು ಜಲಜಾಕ್ಷಿಯೂ ಅಲ್ಲ. ನಾವಿಬ್ಬರೂ ಡಾಕ್ಟ್ರುಗಳೇ, ಪರೀಕ್ಷೆಗೆ ಪ್ರಾಕ್ಟೀಸ್ ಮಾಡ್ತಾ ಇರೋದು.”

“ಇಂಥ ಪ್ರಾಕ್ಟೀಸೂ ಉಂಟಾ?” ಉಳ್ಳಾಲದ ರಮೀಝ್‌ಗೆ ಇನ್ನೂ ಅನುಮಾನ.

“ಉಂಟು. ಇನ್ನು ಮೇಲೆ ಸರಿಯಾಗಿ ಹೇಳಿ ಪಾಸಾದವರಿಗೆ ಮಾತ್ರ ಹಲ್ವಾ ಕೊಡು.”

ಎಲೆಕ್ಟ್ರಾ ಸ್ಟ್ರೀಟ್‌ನ ಆ ಸಣ್ಣ ಹೋಟೆಲಿನಲ್ಲಿ ಅಂದಿನಿಂದ ಅದೇ ಪದ್ಧತಿಯಾಯಿತು.

ಇಬ್ಬರೂ ಅಬುಧಾಬಿಯಲ್ಲಿ ಕುಟುಂಬ ವೈದ್ಯರಾಗಲು ತರಬೇತಿ ಪಡೆಯುತ್ತಿದ್ದರು. ಅವಳು ಉಡುಪಿಯವಳು, ಅವನು ಧಾರವಾಡದವನು. ತರಬೇತಿ ಮುಗಿಸಿ ಲಿವಾದಂಥ ಕಡೆ ಹೋಗಬೇಕು. ಅಲ್ಲಿ ಖರ್ಜೂರದ ತೋಟಗಳ ಆಚೆ ಬರೀ ಮರಳು, ಹೇಳಿ ಕಳುಹಿಸಲು ಹತ್ತಿರದಲ್ಲಿ ಸ್ಪೆಷಲಿಸ್ಟ್ ಇಲ್ಲ. “ಕೆಟ್ಟ ಸುದ್ದಿ ಅಲ್ಲಿ ನೀವೇ ಹೇಳಬೇಕು,” ಎನ್ನುತ್ತಿದ್ದರು ತರಬೇತಿ ಕೊಡುತ್ತಿದ್ದ ಡಾ. ಮುಹ್ಸಿನಾ. “ಹೇಳಿದವರ ಮುಖವನ್ನೇ ಮರುದಿನ ಕಿರಾಣಿ ಅಂಗಡಿಯಲ್ಲಿ ನೋಡಬೇಕು. ಅದಕ್ಕೇ ಸರಿಯಾಗಿ ಹೇಳೋದನ್ನ ಕಲೀರಿ.”

ಅದಕ್ಕೊಂದು ಕ್ರಮವಿತ್ತು. ಫೋನ್ ಬಂದ್ ಮಾಡಬೇಕು. ಟಿಶ್ಯೂ ಡಬ್ಬಿ ರೋಗಿಯ ಕೈಗೆ ಎಟಕುವಂತಿರಬೇಕು. ಅವರಿಗೆ ಏನು ಗೊತ್ತಿದೆ ಎಂದು ಮೊದಲು ಕೇಳಬೇಕು, ಮುನ್ಸೂಚನೆಯ ಒಂದು ಮಾತು ಆಡಬೇಕು, ಆಮೇಲೆ ಸುದ್ದಿ. ಸುದ್ದಿ ಹೇಳಿ, ರೋಗಿ ಮಾತಾಡುವವರೆಗೆ ಸುಮ್ಮನಿರಬೇಕು. ಕೊನೆಗೆ ಮನೆಗೆ ಹೇಗೆ ಹೋಗುತ್ತಾರೆ, ಜೊತೆಗೆ ಯಾರಿದ್ದಾರೆ ಎಂದು ಕೇಳಿ, ಮತ್ತೆ ಯಾವಾಗ ನೋಡುವುದು ಎಂದು ಹೇಳಬೇಕು.

ಪ್ರೀತಿ ಹುಟ್ಟಿದ್ದು ಆ ಸುಮ್ಮನಿರುವಿಕೆಯಲ್ಲೇ. ರೋಗಿಯಾಗಿ ಕೂತ ಭವ್ಯಶ್ರೀ ಬೇಕೆಂದೇ ಬಾಯಿ ಬಿಡುತ್ತಿರಲಿಲ್ಲ. ಅವನು ಕಣ್ಣು ಕೀಳುವಂತಿಲ್ಲ, ಕಿತ್ತರೆ ಫೇಲು. ಅವನ ಕಿವಿಯ ತುದಿ ಕೆಂಪಾಗುವುದನ್ನು ಅವಳು ಕಾಯುತ್ತಿದ್ದಳು.

“ಮಾತಾಡಬಾರದೇನ್ರಿ, ಜಲಜಾಕ್ಷಿ?”

“ಅವಸರ ಎಂತ ಡಾಕ್ಟ್ರೇ? ರೋಗಿಗೆ ಇನ್ನೂ ಹೊತ್ತು ಬೇಕು.”

ಅಂಥದೊಂದು ಮೌನದ ಕೊನೆಗೆ ಅವನೇ ಹೇಳಿದ್ದ: “ಮದುವಿ ಆಗಿ ಲಿವಾಕ್ಕ ಹೋಗೂಣು. ನೀ, ನಾ, ಮರಳು. ಸಾಕಲ್ಲ?” ಅವಳು ಅಬುಧಾಬಿಯಲ್ಲಿ ಸಿಕ್ಕಿದ್ದ ಕೆಲಸ ಬೇಡವೆಂದಳು. ಲಿವಾ ಕ್ಲಿನಿಕ್ಕಿನ ಎರಡೂ ಹುದ್ದೆ ಅವರಿಬ್ಬರಿಗೇ ಬಂದವು. ದಂಪತಿಗಳ ಕ್ವಾರ್ಟರ್ಸ್‌ಗೆ ಅವಳೇ ಓಡಾಡಿ, ಕಿಟಕಿಯ ಅಳತೆ ಕೇಳಿ, ಹಳದಿ ಪರದೆ ಹೊಲಿಯಲು ಕೊಟ್ಟು ಬಂದಳು.

ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಅದೇ ಮೇಜಿನಲ್ಲಿ ಕೂತರು. ಇಬ್ಬರೂ ಪಾಸು. ಭವ್ಯಶ್ರೀ ಪರದೆಯ ಬಣ್ಣದ ಮಾತು ತೆಗೆಯುವ ಹೊತ್ತಿಗೆ ಅಭಿಜೀತ ಫೋನ್ ಬಂದ್ ಮಾಡಿದ. ಟಿಶ್ಯೂ ಡಬ್ಬಿಯನ್ನು ಅವಳ ಬಲಗೈಯ ಹತ್ತಿರ ಸರಿಸಿದ.

ಅವಳು ಡಬ್ಬಿಯನ್ನು ನೋಡಿದಳು, ಆಮೇಲೆ ಅವನನ್ನು. ಪರೀಕ್ಷೆ ಮುಗಿದಿತ್ತಲ್ಲ.

“ನಮ್ಮ ಮಾವಾರ ವಿಷಯ ನಿನಗ ಏನೇನ್ ಗೊತ್ತದ?”

“ತಮ್ಮಣ್ಣ ಮಾವ. ಜುಮೇರಾ ಲೇಕ್ ಟವರ್ಸ್‌ನಲ್ಲಿ ಸ್ವಂತದ ದೊಡ್ಡ ಕ್ಲಿನಿಕ್ ಉಂಟು. ಯಾಕೆ?”

“ಸ್ವಲ್ಪ ಕಷ್ಟದ ಮಾತು ಹೇಳೂದದ.” ಅವನು ಕುರ್ಚಿ ಹತ್ತಿರ ಎಳೆದುಕೊಂಡ. “ನಾ ಲಿವಾಕ್ಕ ಬರಾಂಗಿಲ್ಲ. ಮಾವಾರ ಕ್ಲಿನಿಕ್ ಸೇರ್ತೀನಿ. ಅವರ ಮಗಳು ಸೃಷ್ಟಿ ಜೋಡಿ ಮದುವಿ ಗಟ್ಟಿ ಆಗೇದ.”

ಹೇಳಿ ಸುಮ್ಮನಾದ. ಮುಖ ತುಸು ಮುಂದೆ ಬಾಗಿತ್ತು, ಅಂಗೈಗಳು ಬಿಚ್ಚಿದ್ದವು, ಕಣ್ಣು ಅವಳ ಕಣ್ಣಲ್ಲೇ ಇತ್ತು. ಹಾಗೆ ಕೂರಲು ಅವನಿಗೆ ಕಲಿಸಿದವಳು ಅವಳೇ. ಕಿವಿ ಮಾತ್ರ ಕೆಂಪಾಗಲಿಲ್ಲ.

ಭವ್ಯಶ್ರೀ ಮಾತಾಡಲಿಲ್ಲ. ಹಳೆಯ ಮೌನಗಳಿಗಿಂತ ಇದು ಉದ್ದವಾಯಿತು. ಕೊನೆಗೆ ಕಣ್ಣು ಕಿತ್ತವನು ಅವನೇ.

“ಯಾವಾಗ ಗಟ್ಟಿಯಾದದ್ದು?”

“ದೀಪಾವಳಿಗೆ.”

ದೀಪಾವಳಿ ಕಳೆದು ಎಷ್ಟೋ ಸಂಜೆ ಅವಳು ಇಲ್ಲಿ ಜಲಜಾಕ್ಷಿಯಾಗಿ ಅತ್ತಿದ್ದಳು.

“ಅಂದ್ರೆ, ಪರೀಕ್ಷೆ ಮುಗೀಲಿ ಅಂತ ಕಾದದ್ದಾ?”

“ಸಿಟ್ಟಾಗಬ್ಯಾಡ, ಭವ್ಯಾ. ನೀ ಇಲ್ಲದಿದ್ರ ನಾ ಪಾಸ್ ಆಗ್ತಿದ್ದಿಲ್ಲ. ಖರೇನ.” ಅದನ್ನು ಅವನು ಕೃತಜ್ಞತೆಯಿಂದಲೇ ಹೇಳಿದ. ನಂತರ, ಕ್ರಮದ ಪ್ರಕಾರ: “ಮನಿಗೆ ಹೆಂಗ ಹೋಗ್ತಿ? ರಾತ್ರಿ ಜೋಡಿಗೆ ಯಾರರ ಅದಾರ?”

ಅವಳ ಕಣ್ಣು ತುಂಬಿದ್ದು ಆಗ. “ಒಂದು ಬಿಟ್ಟೆ ನೀನು.”

“ಏನು?”

“ಮತ್ತೆ ಯಾವಾಗ ನೋಡುವುದು ಅಂತ ಹೇಳಬೇಕಿತ್ತು. ಲಿವಾಕ್ಕೆ ಹೋಗುವ ಡಾಕ್ಟ್ರು ಅದನ್ನು ಮರೆಯುವುದಿಲ್ಲ.”

ಅಷ್ಟರಲ್ಲಿ ರಮೀಝ್ ಬಂದ, ಅವಳ ಕೆನ್ನೆ ನೋಡಿ ಕಣ್ಣರಳಿಸಿದ.

“ಯಾ ಅಲ್ಲಾಹ್, ಅಕ್ಕ! ಇವತ್ತು ಸೇಮ್ ಒರಿಜಿನಲ್! ಡಾಕ್ಟ್ರು ಪಾಸಾ?”

“ಪಾಸ್,” ಎಂದಳು ಭವ್ಯಶ್ರೀ. “ಹಲ್ವಾ ತಾ. ದೊಡ್ಡ ತುಂಡು.”

ಪ್ಲೇಟ್ ಬಂತು. ಅಭಿಜೀತ ಮುಟ್ಟಲಿಲ್ಲ. “ಭವ್ಯಾ, ಬ್ಯಾಡ...”

“ತಿನ್ನಿ ಡಾಕ್ಟ್ರೇ. ಪಾಪ, ರಮೀಝ್ ಪ್ರೀತಿಯಿಂದ ತಂದದ್ದು.”

ರಮೀಝ್ ನಗುತ್ತ ನಿಂತೇ ಇದ್ದ. ಅಭಿಜೀತ ಮುರಿದು ಬಾಯಿಗಿಟ್ಟ, ಅಗಿದ, ನುಂಗಲು ನೀರು ಕುಡಿದ. ಭವ್ಯಶ್ರೀ ಕಣ್ಣು ಕೀಳದೆ ನೋಡುತ್ತ ಕೂತಳು. ತುಂಡು ಪೂರ್ತಿ ಮುಗಿಯುವವರೆಗೆ ಒಂದು ಮಾತೂ ಆಡಲಿಲ್ಲ.

ಆಮೇಲೆ ಟಿಶ್ಯೂ ಡಬ್ಬಿಯನ್ನು ಅವನ ಕೈಗೆ ಎಟಕುವಂತೆ ಸರಿಸಿ ಎದ್ದಳು.

“ಕೈಯಲ್ಲಿ ತುಪ್ಪ ಉಂಟು, ಒರೆಸಿಕೊಳ್ಳಿ,” ಎಂದಳು. ಹೊಲಿಗೆಯಂಗಡಿ ಮುಚ್ಚುವ ಮೊದಲು ಅವಳು ತಲುಪಬೇಕಿತ್ತು. ಲಿವಾದ ಒಂಟಿ ಕ್ವಾರ್ಟರ್ಸ್‌ನಲ್ಲಿ ಕಿಟಕಿ ಒಂದೇ, ಪರದೆ ಚಿಕ್ಕದು ಮಾಡಿಸಬೇಕಿತ್ತು.