ಬಾಡಿಗೆ ಕಾರಿನ ಸೈಲೆನ್ಸರ್

೧೯೮೪ರ ಜನವರಿ ೧೭, ಮಂಗಳವಾರ ಸಂಜೆ ಮುಳಬಾಗಿಲು ಪೊಲೀಸ್ ಠಾಣೆಗೆ ಸೀತಾರಾಮ ಎಂಬವರು ಬರಿಗಾಲಲ್ಲಿ ಬಂದರು. ಪೇದೆ ಆಂಜಿನಪ್ಪ ಕುರ್ಚಿ ತೋರಿಸಿದರೂ ಕೂರಲಿಲ್ಲ. ಇನ್ಸ್‌ಪೆಕ್ಟರ್ ಚನ್ನರಾಯಪ್ಪನವರ ಮೇಜಿನ ಅಂಚು ಹಿಡಿದು ನಿಂತರು.

"ನನ್ನ ತಂಗಿ ರಾಧಮ್ಮ ಸತ್ತೋದ್ಲು ಸಾರ್. ಕಾಲು ಮುರಿದಿತ್ತು ಅಷ್ಟೇ. ಕಾಲು ಮುರಿದರೆ ಯಾರಾದರೂ ಸಾಯ್ತಾರಾ?"

"ಎಲ್ಲಿ ಸತ್ತರು?"

"ಬಾಡಿಗೆ ಕಾರಲ್ಲಿ. ಕೋಲಾರದ ನರ್ಸಿಂಗ್ ಹೋಮಿಂದ ಮನೆಗೆ ಕರ್ಕೊಂಡು ಬರ್ತಾ ಇದ್ದ, ನಮ್ಮ ಬಾವ."

"ಯಾರ ಮೇಲಾದರೂ ಅನುಮಾನ?"

"ಬಾವನ ಮೇಲೇ ಸಾರ್. ಹೊರಡೋಕೆ ಮುಂಚೆ ಅವನೇ ಅದೇನೋ ಮಾತ್ರೆ ಕೊಟ್ಟಿದ್ದಾನೆ."

ಅಸಹಜ ಸಾವಿನ ಪ್ರಕರಣ ದಾಖಲಾಯಿತು. ಇನ್ಸ್‌ಪೆಕ್ಟರ್ ಮನೆಗೆ ಹೋಗಿ ಶವದ ಪಂಚನಾಮೆ ಮಾಡಿದರು. ಮೂವತ್ತೈದರ ಆಸುಪಾಸಿನ ಹೆಂಗಸು. ಎಡಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್. ಮೈಮೇಲೆ ಗಾಯವಿಲ್ಲ, ಬಾಯಲ್ಲಿ ನೊರೆಯಿಲ್ಲ. ಮುಖ ಮಾತ್ರ ಕೆಂಪಗಿತ್ತು, ಈಗಷ್ಟೇ ಬಿಸಿನೀರಲ್ಲಿ ತೊಳೆದುಕೊಂಡು ಬಂದವರ ಹಾಗೆ.

ಗಂಡ ಕೃಷ್ಣಮೂರ್ತಿ ಸಹಕಾರ ಸಂಘದಲ್ಲಿ ಲೆಕ್ಕಿಗ. ಮೂಲೆಯಲ್ಲಿ ಕೂತಿದ್ದವರು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು.

"ಏನು ಮಾತ್ರೆ ಅದು?"

"ನೋವಿಂದು. ಡಾಕ್ಟರೇ ಬರೆದುಕೊಟ್ಟಿದ್ದು. ಚೀಟಿ ಇದೆ."

"ನೀವು ಕಾರಲ್ಲಿ ಎಲ್ಲಿ ಕೂತಿದ್ರಿ?"

"ಮುಂದೆ, ಡ್ರೈವರ್ ಪಕ್ಕ. ಅವಳು ಕಾಲು ಚಾಚಬೇಕಲ್ಲ, ಹಿಂದಿನ ಸೀಟು ಪೂರ್ತಿ ಬಿಟ್ಟುಕೊಟ್ಟೆ. ಚಳಿ ಅಂತ ಗಾಜು ಏರಿಸಿ ಶಾಲು ಹೊದಿಸಿದೆ. ತಲೆ ಸಿಡೀತಾ ಇದೆ ಅಂದ್ಲು ಒಂದ್ಸಲ. ಮಲ್ಕೋ, ಸರಿಹೋಗತ್ತೆ ಅಂದೆ. ಆಮೇಲೆ ನಿದ್ದೆ ಮಾಡ್ತಾಳೆ ಅಂತ್ಲೇ ಅಂದ್ಕೊಂಡಿದ್ದೆ ಸಾರ್, ಮನೆ ಬಾಗಿಲವರೆಗೂ."

ಶವವನ್ನು ಕೋಲಾರಕ್ಕೆ ಸಾಗಿಸಲಾಯಿತು. ಮಾತ್ರೆಗಳನ್ನು ವಶಪಡಿಸಿಕೊಂಡು ಮೊಹರು ಹಾಕಿದರು. ಕಾರಿನ ಬಗ್ಗೆ ಆಗ ಯಾರೂ ಯೋಚಿಸಲಿಲ್ಲ.

ಮರುದಿನ ಬೆಳಿಗ್ಗೆ ಶವಪರೀಕ್ಷೆ ಮುಗಿಸಿದ ವೈದ್ಯರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಮಾತ್ರೆ ಅಲ್ಲ ರೀ. ರಕ್ತ ನೋಡಿದ್ರೆ ಹಣ್ಣಿನ ರಸದ ಹಾಗಿದೆ. ಇದು ಕಾರ್ಬನ್ ಮಾನಾಕ್ಸೈಡ್. ಇಂಜಿನ್ ಹೊಗೆಯಲ್ಲಿರೋ ವಿಷ. ಲ್ಯಾಬಿಗೆ ಕಳಿಸ್ತೀನಿ, ಆದರೆ ನನಗೆ ಅನುಮಾನ ಇಲ್ಲ."

"ವಾಸನೆ ಬರಲ್ವಾ?"

"ಆ ವಿಷಕ್ಕೆ ವಾಸನೆ ಇಲ್ಲ. ತಲೆನೋವು, ಮಂಪರು, ಆಮೇಲೆ ಅಷ್ಟೇ. ಕಾರು ಪೆಟ್ರೋಲ್‌ದಾ?"

"ಹಳೇ ಅಂಬಾಸಿಡರ್."

"ಈಗ ಎಲ್ಲಿದೆ ಆ ಕಾರು?"

ಚನ್ನರಾಯಪ್ಪ ಆಸ್ಪತ್ರೆಯ ಫೋನಿನಿಂದ ಮುಳಬಾಗಿಲು ಠಾಣೆಗೆ ಮಾತಾಡಿದರು. ಪೇದೆಯೊಬ್ಬ ಕಾರಿನ ಸ್ಟ್ಯಾಂಡಿಗೆ ಓಡಿಹೋಗಿ ಬರುವತನಕ ರಿಸೀವರ್ ಇಳಿಸಲಿಲ್ಲ.

"ಸಾರ್, ಡ್ರೈವರ್ ನರಸಿಂಹ ಬಾಡಿಗೆ ತಗೊಂಡು ಹೋಗಿದ್ದಾನೆ. ಟೇಕಲ್ ರೈಲ್ವೆ ಸ್ಟೇಷನ್‌ಗೆ. ಹಿಂದೆ ಒಬ್ಬರು ಮುದುಕಿ, ಅವರ ಸೊಸೆ. ಸೊಸೆ ಗರ್ಭಿಣಿಯಂತೆ. ಹೊರಟು ಒಂದು ಗಂಟೆ ಮೇಲಾಯ್ತು."

ಅಂದರೆ ಕಾರು ಆಗಲೇ ಕೋಲಾರ ದಾಟಿರಬೇಕು. ಬೆಳಗಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಈ ಚಳಿಯಲ್ಲಿ ಬಸುರಿ ಹೆಂಗಸನ್ನು ಕೂರಿಸಿಕೊಂಡು ಹೋಗುವವರು ಗಾಜು ಇಳಿಸಿರುವುದಿಲ್ಲ. ಜೀಪು ಟೇಕಲ್ ರಸ್ತೆಗೆ ತಿರುಗಿತು.

"ಬಿಳೀ ಅಂಬಾಸಿಡರ್ ನೋಡ್ತಾ ಇರು," ಎಂದರು ಇನ್ಸ್‌ಪೆಕ್ಟರ್, ಜೊತೆಗೆ ಬಂದಿದ್ದ ಆಂಜಿನಪ್ಪನಿಗೆ.

ಎತ್ತಿನ ಗಾಡಿ, ಬಸ್ಸು, ಹೆಂಚಿನ ಲಾರಿ. ಎದುರಿಗೆ ಬಂದ ಸೈಕಲ್ಲಿನವನನ್ನು ಆಂಜಿನಪ್ಪ ತಡೆದು ಕೇಳಿದ. "ಪಟಪಟ ಅಂತ ಸದ್ದು ಮಾಡ್ಕೊಂಡು ಒಂದು ಕಾರು ಹೋಯ್ತು ಸ್ವಾಮಿ. ಅಡ್ಡಾದಿಡ್ಡಿ ಓಡಿಸ್ತಿದ್ದ, ಕುಡಿದವನ ಥರ."

ಎರಡು ತಿರುವು ದಾಟಿದ ಮೇಲೆ ಕಾರು ಕಂಡಿತು. ರಸ್ತೆ ಬಿಟ್ಟು ರಾಗಿ ಕೊಯ್ದ ಹೊಲದ ಬದುವಿಗೆ ಮೂತಿ ಇಟ್ಟು ನಿಂತಿತ್ತು. ಇಂಜಿನ್ ಇನ್ನೂ ಓಡುತ್ತಿತ್ತು. ನರಸಿಂಹ ಸ್ಟೀರಿಂಗ್ ಮೇಲೆ ಒರಗಿದ್ದ. ಅವನ ಪಕ್ಕದ ಗಾಜು ಬೆರಳಗಲ ಇಳಿದಿತ್ತು. ಹಿಂದಿನ ಗಾಜುಗಳೆಲ್ಲ ಮುಚ್ಚಿದ್ದವು.

ಆಂಜಿನಪ್ಪ ಬಾಗಿಲು ಕಿತ್ತ ಹಾಗೆ ತೆರೆದ. ಸೊಸೆಯನ್ನು, ಆಮೇಲೆ ನರಸಿಂಹನನ್ನು, ಇಬ್ಬರೂ ಸೇರಿ ಎತ್ತಿ ಹೊಲದಲ್ಲಿ ಮಲಗಿಸಿದರು. ಮುದುಕಿ ಮುತ್ಯಾಲಮ್ಮ ತಾವಾಗಿಯೇ ಉರುಳಿ ಕೆಳಗೆ ಬಿದ್ದು ವಾಂತಿ ಮಾಡಿಕೊಂಡರು.

"ಅಯ್ಯೋ ದೇವುಡಾ, ನನ್ನ ಕೋಡಲು ಕಣ್ಣು ಬಿಡ್ತಾ ಇಲ್ಲ! ಸೊಸೇನ ನೋಡ್ರಪ್ಪಾ!"

ಇನ್ಸ್‌ಪೆಕ್ಟರ್ ಹುಡುಗಿಯ ಕೆನ್ನೆ ತಟ್ಟಿದರು. ಮುಖ ಅದೇ ಕೆಂಪು. ನಿನ್ನೆ ಸಂಜೆ ನೋಡಿದ ಕೆಂಪು. ಅವರು ಕುತ್ತಿಗೆಯ ಬಳಿ ಬೆರಳಿಟ್ಟು ಕಾದರು. ನಾಡಿ ಇತ್ತು. ಆಂಜಿನಪ್ಪ ಟೋಪಿ ತೆಗೆದು ಗಾಳಿ ಬೀಸಿದ. ಒಂದು ಉಸಿರು ಬಂತು. ತುಂಬಾ ಹೊತ್ತಾದ ಮೇಲೆ ಅನ್ನಿಸುವಷ್ಟು ತಡವಾಗಿ ಇನ್ನೊಂದು. ಆಮೇಲೆ ಅವಳು ಕೆಮ್ಮಿದಳು.

ಆಸ್ಪತ್ರೆಯಲ್ಲಿ ಮೂವರಿಗೂ ಆಕ್ಸಿಜನ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ, ಹೊಟ್ಟೆಯಲ್ಲಿನ ಮಗುವಿನ ಎದೆಬಡಿತ ಕೇಳುತ್ತಿದೆ ಎಂದು ನರ್ಸ್ ಬಂದು ಹೇಳಿದಳು. ಚನ್ನರಾಯಪ್ಪ ಅಲ್ಲಿಯವರೆಗೆ ಕಾರಿಡಾರಿನಿಂದ ಕದಲಿರಲಿಲ್ಲ.

ಕಾರನ್ನು ಎಳೆದು ತಂದು, ಪಂಚರ ಸಮಕ್ಷಮ ಮೋಟಾರು ವಾಹನ ನಿರೀಕ್ಷಕರಿಂದ ತಪಾಸಣೆ ಮಾಡಿಸಲಾಯಿತು. ಹಿಂದಿನ ಸೀಟಿನ ಕೆಳಗೆ ನೆಲದ ತಗಡು ತುಕ್ಕು ಹಿಡಿದು ಅಂಗೈಯಗಲ ತೂತಾಗಿತ್ತು. ಮೇಲೆ ಗೋಣಿಚೀಲ ಹಾಸಿದ್ದರು. ಅದರ ನೇರ ಕೆಳಗೇ ಹೊಸ ಸೈಲೆನ್ಸರಿನ ಜೋಡಣೆ. ಕಂಪನಿಯ ಮಾಲಲ್ಲ, ಸ್ಥಳೀಯವಾಗಿ ತಗಡು ಬಾಗಿಸಿ ಮಾಡಿದ್ದು.

"ವೆಲ್ಡಿಂಗ್ ಚೆನ್ನಾಗಿದೆ," ಎಂದರು ನಿರೀಕ್ಷಕರು. "ಲೀಕ್ ಆಗ್ತಿರೋದು ಜಾಯಿಂಟಲ್ಲಿ. ಪೈಪು ಸೇರೋ ಕಡೆ ಎರಡು ಬಿಲ್ಲೆ ಮಧ್ಯೆ ಹೊಗೆ ತಡೆಯೋ ಪ್ಯಾಕಿಂಗ್ ಇರಬೇಕು, ಇಲ್ಲ. ನಟ್‌ಗಳೂ ಸಡಿಲ."

"ಯಾರು ಹಾಕಿದ್ದು?" ಎಂದು ಇನ್ಸ್‌ಪೆಕ್ಟರ್ ನರಸಿಂಹನನ್ನು ಆಸ್ಪತ್ರೆಯ ಮಂಚದ ಪಕ್ಕ ನಿಂತು ಕೇಳಿದರು.

"ಶ್ರೀನಿವಾಸಪುರದ ಕದಿರೇಶ ಸಾರ್. ಸಂಕ್ರಾಂತಿಗೆ ಮುಂಚೆ."

ಕದಿರೇಶನನ್ನು ಅಂದೇ ಠಾಣೆಗೆ ಕರೆತಂದರು. ಇಪ್ಪತ್ತಾರರ ಯುವಕ. ಎಫ್‌ಐಆರ್‌ನಲ್ಲಿ ಆರೋಪಿ ಎಂದು ಅವನ ಹೆಸರೇ ಬರೆಯುವ ಹಾಗಾಗಿತ್ತು. ಹೊರಗೆ ಸೀತಾರಾಮ ಮತ್ತು ನೆಂಟರು ನಿಂತಿದ್ದರು. "ಅವನನ್ನ ಒಂದು ಕ್ಷಣ ಹೊರಗೆ ಬಿಡಿ" ಎಂದು ಯಾರೋ ಕೂಗಿದರು.

"ಪ್ಯಾಕಿಂಗ್ ಯಾಕೆ ಹಾಕಲಿಲ್ಲ?"

"ಹಾಕಿದ್ದೀನಿ ಸಾರ್. ಆಸ್ಬೆಸ್ಟಾಸ್ ಪ್ಯಾಕಿಂಗ್. ಮೂರು ಹಿತ್ತಾಳೆ ನಟ್."

"ಈಗಿರೋದು ಕಬ್ಬಿಣದ ನಟ್."

"ನಾನು ಕಬ್ಬಿಣ ಹಾಕಲ್ಲ. ಬಿಸಿಗೆ ಕಚ್ಕೊಂಡು ಬಿಡತ್ತೆ, ಬಿಚ್ಚಕ್ಕಾಗಲ್ಲ. ನನ್ನ ಗುರುಗಳು ಹೇಳಿಕೊಟ್ಟಿದ್ದು ಹಾಗೆ. ಸಾರ್, ಆ ಅಮ್ಮ ನಿಜವಾಗ್ಲೂ ಅದರಿಂದ್ಲೇ ಸತ್ತರಾ?"

ಚನ್ನರಾಯಪ್ಪ ಟಾರ್ಚ್ ಹಿಡಿದು ಮತ್ತೆ ಕಾರಿನ ಕೆಳಗೆ ಹೋದರು. ಬಿಲ್ಲೆಯ ಮುಖವನ್ನು ಉಗುರಿನಿಂದ ಕೆರೆದರು. ಬೂದು ಬಣ್ಣದ ನಾರು ಸುಟ್ಟು, ಕಚ್ಚಿಕೊಂಡು ಕೂತಿತ್ತು. ಪ್ಯಾಕಿಂಗ್ ಹಾಕಿಯೇ ಇಲ್ಲವೆಂದರೆ ಅದು ಅಲ್ಲಿರುವುದು ಸಾಧ್ಯವಿಲ್ಲ. ಹಾಕಿ, ಬಿಗಿದು, ಕಾರು ಕೆಲವು ದಿನ ಓಡಿದ ಮೇಲೆ ಯಾರೋ ತೆಗೆದಿದ್ದಾರೆ.

ಅವರು ಮತ್ತೆ ನರಸಿಂಹನ ಬಳಿ ಹೋದರು.

"ಸದ್ದು ಯಾವಾಗ ಶುರುವಾಯ್ತು?"

"ಮಂಗಳವಾರ. ಅದಕ್ಕೆ ಮುಂಚೆ ಸದ್ದೇ ಇರಲಿಲ್ಲ ಸಾರ್, ಹೊಸ ಗಾಡಿ ಹಾಗಿತ್ತು."

"ಸೋಮವಾರ ಕಾರು ಎಲ್ಲಿತ್ತು?"

"ಸ್ಟ್ಯಾಂಡ್ ಎದುರಿಗೆ, ದೊಡ್ಡವೆಂಕಟಪ್ಪನವರ ಗ್ಯಾರೇಜಲ್ಲಿ. ಇಂಜಿನ್ ಆಯಿಲ್ ಬದಲಾಯಿಸೋಕೆ. ಕಾಫಿ ಕುಡ್ಕೊಂಡು ಬಾ ಹೋಗೋ ಅಂದ್ರು, ಹೋದೆ."

"ಅವರಿಗೂ ಕದಿರೇಶನಿಗೂ ಏನು ಸಂಬಂಧ?"

"ಅವನ ಗುರು ಅವರೇ ಅಲ್ವಾ ಸಾರ್."

ಗುರುವಾರ ಬೆಳಿಗ್ಗೆ ಗ್ಯಾರೇಜಿನ ಶೋಧನೆ ನಡೆಯಿತು. ದೊಡ್ಡವೆಂಕಟಪ್ಪ ಅರವತ್ತು ದಾಟಿದ ಮನುಷ್ಯ. ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಬೆಂಚಿನ ಮೇಲೆ ಕೂತು, ಪೇದೆಗಳು ಡಬ್ಬಗಳನ್ನು ಒಂದೊಂದಾಗಿ ಬೋರಲು ಹಾಕುವುದನ್ನು ನೋಡಿದರು. ಸೀಮೆಎಣ್ಣೆಯ ಡಬ್ಬದಲ್ಲಿ ಮೂರು ಹಿತ್ತಾಳೆ ನಟ್ ಸಿಕ್ಕವು. ಹಿತ್ತಿಲಿನ ಕಸದಲ್ಲಿ ಅರ್ಧ ಮುರಿದ, ಸುಟ್ಟ ಪ್ಯಾಕಿಂಗ್. ತಂದು ಬಿಲ್ಲೆಗೆ ಹಿಡಿದರೆ, ಬಿಟ್ಟುಹೋಗಿದ್ದ ಚೂರಿಗೆ ಸರಿಯಾಗಿ ಕೂತಿತು. ಪಂಚನಾಮೆಗೆ ಪಂಚರು ಸಹಿ ಹಾಕಿದರು.

"ಯಾಕೆ ತೆಗೆದ್ರಿ?" ಎಂದರು ಚನ್ನರಾಯಪ್ಪ.

"ಸದ್ದು ಬರಲಿ ಅಂತ."

"ಅಷ್ಟೇನಾ?"

"ಅಷ್ಟೇ. ಗಾಡಿ ಬೀದಿ ತುಂಬ ಬಡ್ಕೊಂಡು ಹೋಗಲಿ, ಕದಿರೇಶನ ಕೆಲಸ ಇಷ್ಟೇ ಅಂತ ಜನ ಅನ್ನಲಿ ಅಂತ. ಸೀಟಿನ ಕೆಳಗೆ ತೂತಿದೆ ಅಂತ ನನಗೆ ಗೊತ್ತಿರಲಿಲ್ಲ ಸ್ವಾಮಿ. ನನ್ನ ಕಣ್ಣಾಣೆ."

"ಮಂಗಳವಾರ ಸಂಜೆ ಆಕೆ ಸತ್ತಿದ್ದು ಗೊತ್ತಾಯ್ತಲ್ಲ?"

"ಗೊತ್ತಾಯ್ತು. ಕಾರಲ್ಲೇ ಸತ್ತಿದ್ದು ಅಂದಾಗ, ಹೊಗೆಯಿಂದ್ಲೇ ಇರಬಹುದಾ ಅನ್ನಿಸ್ತು."

"ಬುಧವಾರ ಬೆಳಿಗ್ಗೆ ಅದೇ ಕಾರು ನಿಮ್ಮ ಬಾಗಿಲ ಮುಂದೇ ಹೊರಟಿತು. ಬಸುರಿ ಹುಡುಗಿ ಹತ್ತಿದ್ದು ನೋಡಿದ್ರಾ?"

"ನೋಡಿದೆ." ದೊಡ್ಡವೆಂಕಟಪ್ಪ ತಮ್ಮ ಕೈಗಳನ್ನು ನೋಡಿಕೊಂಡರು. "ನಿಲ್ಲಿಸೋ ಅನ್ನಬೇಕು ಅಂತ ಎದ್ದು ರಸ್ತೆವರೆಗೂ ಬಂದೆ. ಯಾಕೆ ಅಂತ ಕೇಳಿದ್ರೆ ಏನು ಹೇಳೋದು? ಬಾಯಿ ಬರಲಿಲ್ಲ. ಕಾರು ಹೋಯ್ತು."

ಚನ್ನರಾಯಪ್ಪ ಪೆನ್ನು ಕೆಳಗಿಟ್ಟರು. ಹೊಲದಲ್ಲಿ ಆ ಎರಡನೆಯ ಉಸಿರಿಗೆ ಕಾದಿದ್ದು ಅವರಿಗೆ ನೆನಪಾಯಿತು. ಮತ್ತೆ ಪೆನ್ನು ತೆಗೆದುಕೊಂಡು ಹೇಳಿಕೆ ಪೂರ್ತಿ ಮಾಡಿದರು. ಭಾರತೀಯ ದಂಡ ಸಂಹಿತೆಯ ೩೦೪ನೇ ಕಲಮಿನಡಿ, ಕೊಲೆಯಲ್ಲದ ನರಹತ್ಯೆಯ ಆರೋಪದ ಮೇಲೆ, ದೊಡ್ಡವೆಂಕಟಪ್ಪನವರ ದಸ್ತಗಿರಿಯಾಯಿತು.

ಸೀತಾರಾಮ ಠಾಣೆಯ ಮುಂದೆ ಬಾವನನ್ನು ಕಂಡು ಹತ್ತಿರ ಹೋದರು. ಕ್ಷಮಿಸು ಎನ್ನಲು ಬಂದವರು ಅವರ ಭುಜದ ಮೇಲೆ ಕೈಯಿಟ್ಟರು. ಕೃಷ್ಣಮೂರ್ತಿ ಆ ಕೈಯನ್ನು ತೆಗೆಯಲಿಲ್ಲ, ತಿರುಗಿಯೂ ನೋಡಲಿಲ್ಲ.

ತನಿಖೆಯಲ್ಲಿ ಉಳಿದದ್ದೂ ತಿಳಿಯಿತು. ದೊಡ್ಡವೆಂಕಟಪ್ಪನವರಿಗೆ ಮಕ್ಕಳಿಲ್ಲ. ತಂದೆ ಸತ್ತ ಕದಿರೇಶನನ್ನು ಮನೆಯಲ್ಲಿಟ್ಟುಕೊಂಡು ಕೆಲಸ ಕಲಿಸಿದ್ದರು. ಗ್ಯಾರೇಜು ಅವನಿಗೇ ಎಂದು ಊರೆಲ್ಲ ಹೇಳಿಕೊಂಡಿದ್ದರು. ಅವನು ಮದುವೆಯಾಗಿ ಶ್ರೀನಿವಾಸಪುರಕ್ಕೆ ಹೋಗಿ ಸ್ವಂತ ಅಂಗಡಿ ಇಟ್ಟ ಮೇಲೆ, ಅವನ ಹೆಸರು ಹೇಳಿದ ಗಿರಾಕಿಗಳ ಜೊತೆ ಅವರು ಮಾತು ಬಿಡುತ್ತಿದ್ದರು. ಸೋಮವಾರ ನರಸಿಂಹ ಕಾರು ನಿಲ್ಲಿಸುತ್ತಾ, "ನೋಡಿ, ಸದ್ದೇ ಇಲ್ಲ. ನಿಮಗಿಂತ ಒಂದು ಕೈ ಮೇಲೇ ಕಣ್ರೀ ನಿಮ್ಮ ಶಿಷ್ಯ" ಎಂದು ನಗುತ್ತಾ ಅಂದಿದ್ದ.

ಕದಿರೇಶನನ್ನು ಬಿಟ್ಟ ಮೇಲೂ ಅವನು ಹೋಗಲಿಲ್ಲ. ಠಾಣೆಯ ಕಟ್ಟೆಯ ಮೇಲೆ ಕೂತೇ ಇದ್ದ.

"ಹೋಗಪ್ಪ, ನಿನ್ನ ಮೇಲೆ ಏನೂ ಇಲ್ಲ," ಎಂದ ಆಂಜಿನಪ್ಪ.

"ಹೋಗ್ತೀನಿ." ಅವನು ಎದ್ದ. ಸೆಲ್ಲಿನ ಕಡೆ ನೋಡದೆ ತಲೆ ತಗ್ಗಿಸಿ ಹೇಳಿದ. "ಅವರಿಗೆ ಸಕ್ಕರೆ ಕಾಯಿಲೆ ಸಾರ್. ಊಟ ತಡ ಆದ್ರೆ ಕೈ ನಡುಗತ್ತೆ. ಬಾಯಿಬಿಟ್ಟು ಕೇಳಲ್ಲ ಅವರು. ನೀವೇ ನೋಡ್ಕೊಂಡು ಕೊಡಬೇಕು."