ಫೋಟೊದ ಕೆಳಗಿನ ಅಳತೆ

೨೦೨೪ರ ಜುಲೈ ಹನ್ನೊಂದು, ಗುರುವಾರ, ಬೆಳಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಐದನೇ ಕ್ಲಾಸಿನ ಬಾಗಿಲು ದಾಟಿದ ಪೀಪಿ ಇನ್ನೂ ಬ್ಯಾಗು ಇಳಿಸಿರಲಿಲ್ಲ.

“ದಾರಿ ಬಿಡ್ರೋ, ಎಪ್ಪತ್ತೊಂದು ಬಂತು!” ಹಿಂದಿನ ಬೆಂಚಿನ ಉದ್ದನೆಯ ಹುಡುಗ ಕೂಗಿದ. ನಾಲ್ಕು ಜನ ಕಿಸಕ್ಕನೆ ನಕ್ಕರು.

“ಏನೋ ಅದು ಎಪ್ಪತ್ತೊಂದು?” ಪೀಪಿಗೆ ತಲೆಬುಡ ತಿಳಿಯಲಿಲ್ಲ.

ಪಕ್ಕದಲ್ಲಿ ಕೂರುವ ಗೆಳತಿ ಅವಳ ಕಿವಿಗೆ ಬಾಯಿಟ್ಟಳು. “ನಿಮ್ಮಮ್ಮನ ಪೇಜಲ್ಲಿ ನಿನ್ ಫೋಟೊ ಇದೆ ಕಣೇ, ಹಳದಿ ಫ್ರಾಕಿಂದು. ಕೆಳಗಡೆ, ವಯಸ್ಸು ಹತ್ತು, ಸೊಂಟ ಎಪ್ಪತ್ತೊಂದು ಸೆಂಟಿಮೀಟರ್ ಅಂತ ಬರ್ದಿದಾರೆ. ಆ ಹುಡುಗನ ಅಮ್ಮ ನೋಡ್ತಾ ಇದ್ರಂತೆ, ಅವನೂ ಇಣುಕಿದಾನೆ.”

ಅಂದು ಪೀಪಿ ಹೊಟ್ಟೆಯನ್ನು ಒಳಗೆಳೆದುಕೊಂಡೇ ಕೂತಳು. ಮಧ್ಯಾಹ್ನದ ಊಟ ಡಬ್ಬಿಯಲ್ಲಿ ಅರ್ಧ ಉಳಿಯಿತು.

ಪೀಪಿಯ ಅಮ್ಮ ಟೈಲರ್. ಹುಟ್ಟಿದಾಗ ಪೀಪಿ ಊದಿದ ಹಾಗೆ ಅತ್ತಳೆಂದು ಮಗಳಿಗೆ ಆ ಹೆಸರಿಟ್ಟವಳೂ ಅವಳೇ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಷೀನು, ಕತ್ತರಿಸುವುದಕ್ಕೆ ಒಂದು ಉದ್ದ ಮೇಜು. ಮಕ್ಕಳ ಫ್ರಾಕು ಹೊಲಿದು, ಪೀಪಿಗೆ ತೊಡಿಸಿ, ಫೋಟೊ ತೆಗೆದು ಮಾರಾಟದ ಆನ್‌ಲೈನ್ ಪೇಜಿಗೆ ಹಾಕುವುದು ಅವಳ ರೂಢಿ. ಆದರೆ “ನಮ್ಮ ಮಗೂಗೆ ಆಗುತ್ತಾ?” ಎಂದು ದೂರದವರು ಮೇಲಿಂದ ಮೇಲೆ ಕೇಳತೊಡಗಿದ್ದರು. ಅದಕ್ಕೇ ಈ ಸಲ ಅಳತೆಯನ್ನೂ ಬರೆದುಬಿಟ್ಟಿದ್ದಳು.

ಸಂಜೆ ಅಮ್ಮ ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಕರೆದಳು. “ಬಾರೇ ಪೀಪಿ, ನೀಲಿ ಫ್ರಾಕು ರೆಡಿ. ಬೆಳಕಿರುವಾಗ್ಲೇ ಒಂದು ಫೋಟೊ ತೆಗೆದುಬಿಡೋಣ.”

“ನಾನು ಹಾಕ್ಕೊಳಲ್ಲ.”

“ಯಾಕೆ? ಚುಚ್ಚುತ್ತಾ?”

“ನನ್ ಸೊಂಟ ಎಷ್ಟು ಅಂತ ಊರಿಗೆಲ್ಲ ಯಾಕಮ್ಮ ಹೇಳ್ದೆ? ಕ್ಲಾಸಲ್ಲಿ ನನ್ನ ಎಪ್ಪತ್ತೊಂದು ಅಂತ ಕರೀತಾರೆ!”

ಅಮ್ಮ ಪಿನ್ನು ತೆಗೆದಿಟ್ಟಳು. “ಅಯ್ಯೋ, ಅಳತೆ ತಾನೇ? ದಿನಾ ಎಷ್ಟು ಜನರ ಸೊಂಟ ಅಳೀತೀನಿ ನಾನು! ಅದರಲ್ಲೇನಿದೆ ನಾಚ್ಕೊಳೋಕೆ?”

ಪೀಪಿ ಅಮ್ಮನ ಕೊರಳಲ್ಲಿದ್ದ ಟೇಪು ಎಳೆದುಕೊಂಡಳು. “ಕೈ ಎತ್ತು.”

ಅಮ್ಮ ನಗುತ್ತ ಕೈ ಎತ್ತಿದಳು. ಟೇಪು ಸುತ್ತಿದ ಕೂಡಲೇ ಅವಳ ಹೊಟ್ಟೆ ಸರಕ್ಕನೆ ಒಳಗೆ ಹೋಯಿತು.

“ಉಸಿರು ಬಿಡಿ ಮೇಡಂ,” ಎಂದಳು ಪೀಪಿ, ಥೇಟ್ ಅಮ್ಮನ ದನಿಯಲ್ಲಿ. ಆಮೇಲೆ ಗಟ್ಟಿಯಾಗಿ, “ವಯಸ್ಸು ಮೂವತ್ತೆಂಟು! ಸೊಂಟ...”

“ಶ್! ಮೆಲ್ಲಗೆ ಕಣೇ! ಕಿಟಕಿ ತೆಗೆದಿದೆ!”

ಅಮ್ಮ ಕಿಟಕಿಯನ್ನು ನೋಡಿದಳು. ಮಗಳನ್ನು ನೋಡಿದಳು. ಆಮೇಲೆ ಫೋನು ತಗೊಂಡು ನೆಲದ ಮೇಲೆ ಕೂತಳು.

“ಬಾ ಇಲ್ಲಿ.”

ಹಳದಿ ಫ್ರಾಕಿನ ಫೋಟೊ ಪೇಜಿನಿಂದ ಮೊದಲು ಹೋಯಿತು. ಅಮ್ಮ ಹಳೆಯವನ್ನೂ ಒಂದೊಂದಾಗಿ ತೆರೆದಳು.

“ಇದು?”

“ತೆಗಿ.”

“ಹಲ್ಲು ಬಿದ್ದಿದ್ದು?”

“ಥೂ! ಅದನ್ನೂ ಹಾಕಿದ್ಯಾ? ತೆಗಿ.”

“ಸೈಕಲ್ ಮೇಲೆ ಇರೋದು?”

ಪೀಪಿ ಯೋಚಿಸಿದಳು. ಎಷ್ಟು ಹೊತ್ತು ಯೋಚಿಸಿದರೂ ಅಮ್ಮನ ಹೆಬ್ಬೆರಳು ಪರದೆಯ ಮೇಲೆ ಸುಮ್ಮನೆ ಕಾಯುತ್ತಿತ್ತು. ಅದು ಹೀಗೆ ಕಾಯಬಲ್ಲದು ಎಂದು ಅವಳಿಗೆ ಇವತ್ತೇ ಗೊತ್ತಾದದ್ದು.

“ಅದು ಇರ್ಲಿ,” ಎಂದಳು. ಆಮೇಲೆ, “ನಾಳೆನೂ ಅವನು ಹಾಗೇ ಕೂಗ್ತಾನೆ ಅಲ್ವಾ?”

“ಕೂಗಬಹುದು. ಬರ್ದಿದ್ದು ನಾನು. ಟೀಚರ್ ಹತ್ರ ನಾನೇ ಬಂದು ಮಾತಾಡ್ತೀನಿ. ಬರ್ಲಾ?”

ಪೀಪಿ ಹೂಂ ಎಂದು ತಲೆಯಾಡಿಸಿದಳು.

ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಇಬ್ಬರೂ ನೀಲಿ ಫ್ರಾಕನ್ನು ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರಡಿ ಫೋಟೊ ತೆಗೆದರು. ಟೇಪಿನ ಒಂದು ತುದಿಯನ್ನು ಅಮ್ಮ ಭುಜದ ಹೊಲಿಗೆಗೆ ಹಿಡಿದಳು. ಪೀಪಿ ಇನ್ನೊಂದನ್ನು ಅಂಚಿನವರೆಗೆ ಎಳೆದು, ಬಗ್ಗಿ ಓದಿ, ಫೋಟೊದ ಕೆಳಗೆ ತಾನೇ ಟೈಪ್ ಮಾಡಿದಳು:

ಫ್ರಾಕಿನ ಉದ್ದ ೭೮ ಸೆಂಟಿಮೀಟರ್.