ಮೆಹನಾಜಳ ಅಳತೆ

ಮುನ್ನಿಯ ಹಣೆಯಿಂದ ರಕ್ತ ಸುರಿಯುತ್ತಿತ್ತು. ಹೊಸ ಗೌನಿನ ಬಿಳಿ ಝಾಲರು ಎದೆಯವರೆಗೂ ಕೆಂಪಾಗಿತ್ತು. ಮಗುವನ್ನು ಅವಚಿಕೊಂಡ ಮಲತಾಯಿ ಮುಮ್ತಾಜ ದಿಕ್ಕು ತೋಚದೆ ಅಂಗಳದಲ್ಲಿ ನಿಂತಿದ್ದಳು. ತಂದೆ ಇನಾಯತ ಬೈಕಿನ ಕೀಲಿಗಾಗಿ ಮನೆಯೆಲ್ಲ ಹುಡುಕುತ್ತಿದ್ದ. ಮಗುವಿನ ಹೆತ್ತಮ್ಮನ ತಾಯಿ ಶಮಶಾದಬಿ ಮಾತ್ರ ಕಟ್ಟೆಯ ಕೆಳಗೆ ಕುಸಿದು ಕೂತುಬಿಟ್ಟಿದ್ದಳು. ಅದು ಅವಳೇ ಒಂಬತ್ತು ದಿನ ಕೂತು ಹೊಲಿದ ಗೌನು. ರಮಜಾನ್ ಹಬ್ಬಕ್ಕೆಂದು ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಹೊತ್ತು ತಂದು, ತಾನೇ ತೊಡಿಸಿ, “ಓಡು ನೋಡೂಣು ಬೇಟಾ” ಎಂದು ತಾನೇ ಹೇಳಿದ್ದಳು. ಮೂರು ವರ್ಷದ ಮಗು ಖುಷಿಯಿಂದ ಓಡಿತ್ತು. ಗೌನಿನ ಅಂಚು ಕಾಲಿಗೆ ಸಿಕ್ಕಿ, ಕಲ್ಲಿನ ಮೆಟ್ಟಿಲ ಮೇಲೆ ಮುಖ ಅಡಿಯಾಗಿ ಬಿದ್ದಿತ್ತು.

ಇನಾಯತ, ಮುಮ್ತಾಜ ಮಗುವನ್ನೆತ್ತಿಕೊಂಡು ದವಾಖಾನೆಗೆ ಹೋದ ಮೇಲೆ ಅಂಗಳದಲ್ಲಿ ಉಳಿದವರು ಇಬ್ಬರೇ. ಇನಾಯತನ ತಾಯಿ ಹಜರತಬಿ ಸೆರಗಿನಿಂದ ಮೆಟ್ಟಿಲು ಒರೆಸುತ್ತ ಕೇಳಿದಳು.

“ಈಟುದ್ದ ಯಾಕ ಹೊಲಿದ್ರಿ ಬೀಗತಿ? ಯಾರ ಅಳತಿ ಇದು?”

ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಕತ್ತರಿಸುವಾಗ ತಪ್ಪಿತು, ಕಣ್ಣು ಮಂಜಾಗಿವೆ ಎಂದಿದ್ದರೂ ನಡೆಯುತ್ತಿತ್ತು. ಆದರೆ ಶಮಶಾದಬಿಗೆ ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ನಿಜವೇ.

“ನಮ್ಮ ಮೆಹನಾಜಂದು... ಮೂರು ವರ್ಷಕ್ಕ ಅಕಿದು ಇಪ್ಪತ್ತೆಂಟು ಇಂಚು ಇತ್ರಿ. ಬುಕ್ಕಿನ್ಯಾಗ ಬರದಿಟ್ಟೀನಿ...”

ಹಜರತಬಿಯ ಕೈ ನಿಂತಿತು. ಅವಳು ಕೂಗಾಡುವ ಹೆಂಗಸಲ್ಲ. ಮೆಲ್ಲಗೆ ಮಾತಾಡಿಯೇ ಎದುರಿನವರ ಕರುಳು ಕತ್ತರಿಸುವವಳು.

“ಸತ್ತಾಕಿ ಅಳತಿ ತಂದು ಜೀವ ಇದ್ದ ಕೂಸಿಗೆ ತೊಡಿಸಿದ್ರಿ. ನಿಮ್ಮ ಮಗಳನ್ನ ಮಣ್ಣಾಗಿಂದ ಎಬ್ಬಸಾಕ ನಮ್ಮ ಕೂಸ ಬೇಕಾತೇನ್ರಿ? ಇವತ್ತಿಗೆ ಆತು. ಇನ್ನ ಈ ಹೊಸ್ತಿಲಾ ತುಳೀಬ್ಯಾಡ್ರಿ. ಕೂಸಿನ ಕಣ್ಣಿಗೂ ಬೀಳಬ್ಯಾಡ್ರಿ.”

ಶಮಶಾದಬಿ ಎದ್ದು ಚಪ್ಪಲಿ ಮೆಟ್ಟಿದಳು. ಅಂಗಳ ದಾಟಿ ಹೊರಟಳು.

ಇಪ್ಪತ್ತೈದು ವರ್ಷ ಊರ ಮಕ್ಕಳಿಗೆ ಬಟ್ಟೆ ಹೊಲಿದವಳಿಗೆ ಮೂರು ವರ್ಷದ ಮಗುವಿನ ಎತ್ತರ ತಿಳಿಯುವುದಿಲ್ಲವೇ? ಚೆನ್ನಾಗಿ ತಿಳಿಯುತ್ತಿತ್ತು. ಮುನ್ನಿ ತಂದೆಯ ಕಡೆಯ ಗಿಡ್ಡ ಮೈಕಟ್ಟಿನ ಹುಡುಗಿ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಆದರೂ ಅವಳು ಟೇಪು ಹಿಡಿಯಲಿಲ್ಲ. ಒಬ್ಬಳೇ ಮಗಳು ಮೆಹನಾಜ ಎಂಟು ತಿಂಗಳ ಕೂಸನ್ನು ಬಿಟ್ಟು ಜ್ವರದಲ್ಲಿ ಹೋದಾಗ ಶಮಶಾದಬಿಯ ಕೈಯಲ್ಲಿ ಉಳಿದದ್ದು ಒಂದು ನೋಟುಬುಕ್ಕು. ಪ್ರತಿ ರಮಜಾನಿಗೆ ಮಗಳ ಉದ್ದ, ಎದೆ, ತೋಳು ಎಂದು ಅದರಲ್ಲಿ ಬರೆದಿಡುತ್ತ ಬಂದಿದ್ದಳು. ಮುನ್ನಿಗೆ ಒಂದು ವರ್ಷವಾದಾಗ ಮೆಹನಾಜಳ ಒಂದನೇ ವರ್ಷದ ಪುಟ ತೆಗೆದು ಹೊಲಿದಳು. ಎರಡಾದಾಗ ಎರಡನೆಯ ಪುಟ. ಆ ಅಂಗಿಗಳು ಸಡಿಲಾದರೂ ಬೆಳೆಯುವ ಮಗುವಲ್ಲವೇ ಎಂದು ಯಾರೂ ಏನೂ ಅನ್ನಲಿಲ್ಲ. ಮಗಳು ಇನ್ನೊಮ್ಮೆ ಬೆಳೆಯುತ್ತಿದ್ದಾಳೆ, ಪುಟ ತಿರುವಿದಂತೆ ತಿರುಗಿ ದೊಡ್ಡವಳಾಗುತ್ತಾಳೆ ಎಂಬ ಹುಚ್ಚು ಅವಳ ತಲೆ ಹೊಕ್ಕಿತ್ತು. ಮೂರನೆಯ ಪುಟಕ್ಕೆ ಮಗುವಿನ ಹಣೆ ಒಡೆಯಿತು.

ಆಮೇಲೆ ನಾಲ್ಕು ವರ್ಷ ಅವಳು ಮೊಮ್ಮಗಳ ಮುಖ ಕಾಣಲಿಲ್ಲ. ಮೊದಲೆರಡು ಹಬ್ಬಕ್ಕೆ ಊರೂರು ತಿರುಗುವ ಒಬ್ಬ ಬಳೆಗಾರ್ತಿಯ ಕೈಯಲ್ಲಿ ಬಟ್ಟೆ ಕಳಿಸಿದಳು. ಗಂಟು ಬಿಚ್ಚದೆ ಹಾಗೆಯೇ ತಿರುಗಿ ಬಂತು. ಮುನ್ನಿ ಯಾವ ಶಾಲೆಗೆ ಹೋಗುತ್ತಾಳೆ ಎಂಬ ಸುದ್ದಿಯಷ್ಟೇ ಬಳೆಗಾರ್ತಿಯಿಂದ ಸಿಕ್ಕಿತು. ಬೆಟಗೇರಿಯ ಮನೆಯಲ್ಲಿ ಮಷಿನ್ ಮಾತ್ರ ನಿಲ್ಲಲಿಲ್ಲ. ಡಿಸೆಂಬರ್ ಬಂತೆಂದರೆ ಶಾಲೆಗಳ ವಾರ್ಷಿಕೋತ್ಸವದ ಗ್ಯಾದರಿಂಗಿಗೆ ನವಿಲು, ಮೊಲ, ಸೂರ್ಯಕಾಂತಿ, ಚಂದಪ್ಪ ಎಲ್ಲ ಅವಳ ಕೈಯಲ್ಲೇ ಹುಟ್ಟಬೇಕು. ಗಂಡ ಮಾಶಾಕ ಒಂದು ಕಾಲದಲ್ಲಿ ಮಗ್ಗ ನೇಯ್ದವನು. ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದ ಮೇಲೆ ಗೋಡೆಗೊರಗಿ ಕೂತು ಬಲಗೈಯಿಂದ ಚಮಕಿ ಅಂಟಿಸಿಕೊಡುತ್ತಿದ್ದ. ಊರ ಮಕ್ಕಳ ಅಂಗಿಗೆಲ್ಲ ಹೊಳಪು ಕೊಡುವ ಆ ಮನೆಯಲ್ಲಿ ಮೊಮ್ಮಗಳ ಹೆಸರನ್ನು ಇಬ್ಬರೂ ಬಾಯಿಬಿಟ್ಟು ಎತ್ತುತ್ತಿರಲಿಲ್ಲ. ಎತ್ತಿದರೆ ಅವತ್ತು ಒಲೆ ಹೊತ್ತುತ್ತಿರಲಿಲ್ಲ.

ಹೀಗಿರುವಾಗ ಲಕ್ಷ್ಮೇಶ್ವರದಿಂದ ಸ್ನೇಹಾ ಟೀಚರ್ ಬಂದಳು. ಎರಡನೇ ಕ್ಲಾಸಿನ ಹದಿನೆಂಟು ಹುಡುಗಿಯರು ಪಾತರಗಿತ್ತಿ ಡ್ಯಾನ್ಸ್ ಮಾಡುತ್ತಾರೆ, ರೆಕ್ಕೆ ಸಮೇತ ಡ್ರೆಸ್ ಬೇಕು ಎಂದಳು. ಶಾಲೆಯ ಹೆಸರು ಕೇಳುತ್ತಲೇ ಶಮಶಾದಬಿ ಕತ್ತರಿ ಕೆಳಗಿಟ್ಟಳು. ಬಳೆಗಾರ್ತಿ ಹೇಳಿದ್ದ ಮುನ್ನಿಯ ಶಾಲೆ ಅದೇ.

“ಅಳತಿ ಎಲ್ಲಾ ವಾಟ್ಸಾಪಿನ್ಯಾಗ ಕಳಸ್ತೀನ್ರಿ ಅಮ್ಮಾ” ಎಂದಳು ಟೀಚರ್.

“ಬ್ಯಾಡ್ರಿ. ನಾನ ಬಂದು ತಗೋತೀನಿ.”

“ಅಷ್ಟು ದೂರ ಸುಮ್ನ ಯಾಕ್ರಿ?”

“ಒಮ್ಮಿ ತಪ್ಪಿದ ಕೈ ಐತ್ರಿ ಇದು. ಕೂಸುಗಳನ್ನ ಎದುರಿಗೆ ನಿಂದರ್ಸಿ ನೋಡದ ಹೊಲಿಯಾಂಗಿಲ್ಲ.”

ಮರುದಿನ ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತಿದವಳಿಗೆ ಸೊರಟೂರು ದಾಟಿದ್ದೂ ತಿಳಿಯಲಿಲ್ಲ, ಶಿರಹಟ್ಟಿ ದಾಟಿದ್ದೂ ತಿಳಿಯಲಿಲ್ಲ. ಶಾಲೆಯ ಪಡಸಾಲೆಯಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರಿಗೆ ಒಂದು ನಿಮಿಷ ಸಾಕಾಗುತ್ತಿತ್ತು. ಹನ್ನೊಂದನೆಯವಳು ಮುಂದೆ ಬಂದು ಕೈಯಗಲಿಸಿ ನಿಂತಳು. ಎಡಹುಬ್ಬಿನ ಮೇಲೆ ಬಿಳಿಯ ಗೆರೆ.

ಅಲ್ಲಾ... ಎಷ್ಟು ಬೆಳೆದಿದ್ದಾಳೆ. ಮೂಗು ಇನಾಯತನದು. ಗದ್ದ ಹಜರತಬಿಯದು. ಮೆಹನಾಜಳದೆನ್ನುವುದು ಎಲ್ಲಿದೆ ಎಂದು ಶಮಶಾದಬಿ ಆ ಮುಖದ ತುಂಬ ಹುಡುಕಿದಳು. ಎಲ್ಲಿಯೂ ಸಿಗಲಿಲ್ಲ. ಸಿಗದಿದ್ದರೂ ಎದೆ ತುಂಬಿ ಬಂತು. ಇವಳು ಇವಳೇ, ತನ್ನ ಮುನ್ನಿ. ಹೆಗಲಿನಿಂದ ಟೇಪು ಇಳಿಬಿಟ್ಟಳು. ಎದೆಯ ಸುತ್ತಳತೆ ತೆಗೆದಳು, ಬರೆಯುವಷ್ಟರಲ್ಲಿ ಮರೆತಳು, ಮತ್ತೆ ತೆಗೆದಳು. ತೋಳನ್ನು ಮೂರು ಸಲ ಅಳೆದಳು. ಏಳು ವರ್ಷದ ಆ ಮೆತ್ತನೆಯ ತೋಳು ಕೈಗೆ ಸಿಕ್ಕದ್ದು ಟೇಪಿನ ನೆಪದಲ್ಲಿ ಮಾತ್ರ, ಬಿಡುವುದಾದರೂ ಹೇಗೆ?

“ಹಣಿಗೆ ಏನಾಗೈತಿ ಬೇಟಾ?”

“ಸಣ್ಣಾಕಿದ್ದಾಗ ಬಿದ್ದಿದ್ನಂತ್ರಿ. ಅಮ್ಮಿ ಹೇಳ್ಯಾಳ. ನನಗ ನೆನಪಿಲ್ಲ.”

“ನಿನ್ನ... ನಿನ್ನ ನಾನಿ ಎಲ್ಲಿರತಾರವಾ?”

“ಮುಂಡರಗಿಯಾಗ” ಎಂದಿತು ಮಗು. ಮುಂಡರಗಿ ಮುಮ್ತಾಜಳ ತವರು. ತಾಯಿಯ ತಾಯಿ, ನಾನಿ ಎಂದು ಮಗು ಬಲ್ಲದ್ದು ಅಲ್ಲಿಯವಳನ್ನೇ.

ಶಮಶಾದಬಿಯ ಕಣ್ಣೀರು ಟಪ್ಪನೆ ಮಗುವಿನ ಕೈಮೇಲೆ ಬಿತ್ತು. ಮುನ್ನಿ ಕೈ ಹಿಂದಕ್ಕೆಳೆದುಕೊಂಡು, ಯೂನಿಫಾರ್ಮಿಗೆ ಒರೆಸಿಕೊಂಡು, ಮುಂದಿನ ಹುಡುಗಿಯ ಬೆನ್ನ ಹಿಂದೆ ಸರಿದು ನಿಂತಳು. ಆ ಸರಿದದ್ದನ್ನು ಶಮಶಾದಬಿ ಕಂಡರೂ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ವಾರದ ನಂತರ ಬಟ್ಟೆ ತೊಡಿಸಿ ನೋಡಲು ಹೋದಾಗಲೂ ಹಾಗೆಯೇ ಆಯಿತು. ಮಗುವಿನ ಭುಜ ಮುಟ್ಟಿದ್ದೇ ತಡ, ಶಮಶಾದಬಿ ತುಟಿ ಕಚ್ಚಿ ಹಿಡಿದರೂ ಅವಳ ಅಳು ನಿಲ್ಲಲಿಲ್ಲ.

ಅವತ್ತು ಮನೆಗೆ ಬಂದವಳೇ ಗಂಡನ ಮುಂದೆ ಕೂತಳು.

“ಗ್ಯಾದರಿಂಗಿನ ದಿನ ನಾನ ರೆಕ್ಕಿ ಕಟ್ಟಬೇಕು. ಆವಾಗ ಹೇಳಿಬಿಡ್ತೀನ್ರಿ. ನಾನು ನಿನ್ನ ನಾನಿ ಅಂತ. ಒಂದ ಸಲ ಅಕಿ ಬಾಯಾಗ ನಾನಿ ಅನಿಸ್ಕೊಂಡು ಬರ್ತೀನಿ. ಮುಂದ ಆ ಹಜರತಬಿ ಏನರ ಮಾಡ್ಲಿ.”

ಮಾಶಾಕನ ಬಾಯಿ ಲಕ್ವಾದಿಂದ ಓರೆಯಾಗಿತ್ತು. ಆ ಓರೆ ಬಾಯಿಯಲ್ಲೇ ಅವನು ನಕ್ಕ. ನಾಲ್ಕು ವರ್ಷದಲ್ಲಿ ಮೊದಲ ಸಲ. “ಹೇಳು ಶಮಶಾದ. ನನ್ನ ಹೆಸರೂ ಹೇಳು” ಎಂದು, ಹದಿನೆಂಟು ಜೊತೆ ರೆಕ್ಕೆಗಳಲ್ಲಿ ಮುನ್ನಿಯದು ಯಾವುದೆಂದು ಕೇಳಿ, ಅದರ ಮೇಲೆ ಎರಡು ಪಟ್ಟು ಚಮಕಿ ಅಂಟಿಸಿದ.

ಗ್ಯಾದರಿಂಗಿನ ದಿನ ಮಧ್ಯಾಹ್ನ, ಶಾಲೆಯ ಒಂದು ಕೋಣೆಯಲ್ಲಿ ಶಮಶಾದಬಿ ಹುಡುಗಿಯರಿಗೆ ರೆಕ್ಕೆ ಕಟ್ಟುತ್ತಿದ್ದಳು. ಮುನ್ನಿಯನ್ನು ಕೊನೆಗೆ ಉಳಿಸಿಕೊಂಡಿದ್ದಳು. ಆಗ ನೀರಿನ ಬಾಟಲಿ ಹಿಡಿದು ಮುಮ್ತಾಜ ಒಳಗೆ ಬಂದಳು. ಇಬ್ಬರ ಕಣ್ಣು ಕೂಡಿದವು. ಮುಮ್ತಾಜಳ ಮುಖದ ರಕ್ತ ಇಳಿದುಹೋಯಿತು. ಶಮಶಾದಬಿಯ ಕೈ ಹಿಡಿದು ಪಕ್ಕದ ಖಾಲಿ ಕೋಣೆಗೆ ಕರೆದುಕೊಂಡು ಹೋದಳು.

“ಟೇಲರ್ ಅಜ್ಜಿ ಅಂದ್ರ ನೀವೇನ್ರಿ ಖಾಲಾ...”

“ಹೂಂ ನಾನ. ಏನ್ ಮಾಡ್ತಿ? ನಿಮ್ಮ ಅತ್ತಿಗೆ ಹೇಳ್ತಿ? ಹೇಳು ಹೋಗು. ಇವತ್ತ ನಾನೂ ಅಕಿಗೆ ಎಲ್ಲಾ ಹೇಳಾಕ ಬಂದೀನಿ.”

“ನಾ ಅತ್ತಿಗೆ ಹೇಳಾಂಗಿಲ್ರಿ. ನೀವು ಮುನ್ನಿಗೆ ಹೇಳ್ತೀನಿ ಅಂದ್ರೂ ನಾ ಅಡ್ಡ ಬರಾಂಗಿಲ್ಲ. ಹಡದಾಕಿ ತಾಯಿ ನೀವು. ನಿಮ್ಮ ಹಕ್ಕು ನಿಮಗೈತಿ. ಆದ್ರ ಒಂದು ಮಾತು ಕೇಳ್ರಿ... ಕೇಳಿ ಆಮ್ಯಾಲ ನಿಮಗ ತಿಳಿದಂಗ ಮಾಡ್ರಿ.” ಮುಮ್ತಾಜ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹದಿನೈದು ದಿನದಿಂದ ಕೂಸು ಶಾಲಿಗೆ ಹೋಗಾಂಗಿಲ್ಲ ಅಂತ ಹಟಾ ಮಾಡಾಕತ್ತೈತ್ರಿ. ಡ್ಯಾನ್ಸ್ ಬ್ಯಾಡ ಅಂತೈತಿ. ಯಾಕ ಅಂದ್ರ ಹೇಳ್ತೈತಿ... ‘ಅಮ್ಮಿ, ಆ ಟೇಲರ್ ಅಜ್ಜಿ ನನ್ನೊಬ್ಬಾಕಿನ್ನ ಹಿಡಕೊಂಡು ಅಳ್ತಾಳ, ಬಿಡಾಂಗಿಲ್ಲ, ನನಗ ಅಂಜಿಕಿ ಬರ್ತೈತಿ’ ಅಂತ. ನಿದ್ದ್ಯಾಗ ಬೆಚ್ಚಿ ಬೀಳ್ತೈತ್ರಿ ಖಾಲಾ. ಯಾರೋ ಏನೋ ಅಂತ ನಾನೂ ಅಂಜಿದ್ನಿ. ನೀವಂತ ಕನಸಿನ್ಯಾಗೂ ಅನ್ಕೊಂಡಿರಲಿಲ್ಲ.”

ಶಮಶಾದಬಿ ಬೆಂಚನ್ನು ಹಿಡಿದುಕೊಂಡಳು. ಯಾವ ಕೈಗಳಿಗಾಗಿ ನಾಲ್ಕು ವರ್ಷ ಹಂಬಲಿಸಿದಳೋ ಆ ಕೈಗಳು ತನಗೆ ಹೆದರುತ್ತಿವೆ. ಹಜರತಬಿ ಹೊಸ್ತಿಲು ಮುಚ್ಚಿದಾಗಲೂ ಇಷ್ಟು ಉರಿದಿರಲಿಲ್ಲ. ಆಗ ಬಯ್ಯುವುದಕ್ಕೆ ಒಬ್ಬ ಬೀಗತಿ ಇದ್ದಳು. ಈಗ ಯಾರನ್ನು ಬಯ್ಯುವುದು? ತಾನು ಮಗುವಿಗೆ ಏನನ್ನಾದರೂ ಕೊಡಲು ಹೋದಾಗಲೆಲ್ಲ ಅದು ನೋವೇ ಆಗುತ್ತದಲ್ಲ... ಅವಳು ಮುಮ್ತಾಜಳತ್ತ ತಿರುಗಿ ಕೇಳಿದಳು.

“ಹಡದಾಕಿ ಬ್ಯಾರೆ ಅಂತ ಅಕಿಗೆ ಗೊತ್ತೈತೇನು?”

“ಇಲ್ರಿ. ದೊಡ್ಡಾಕಿ ಆದ ಮ್ಯಾಲ ಹೇಳೂಣು ಅಂತ ಬಿಟ್ಟೀವಿ.”

“ಜ್ವರಾ ಬಂದ್ರ ಯಾರ ಮಗ್ಗಲಾಗ ಮಲಗತಾಳ?”

“ನನ್ನ ಮಗ್ಗಲಾಗ್ರಿ. ಬ್ಯಾರೆ ಯಾರ ಹತ್ರಾನೂ ಹೋಗಾಂಗಿಲ್ಲ.”

“ನಿನಗೊಂದು ಆಗಲಿಲ್ಲೇನವಾ ಇನ್ನೂ?”

ಮುಮ್ತಾಜ ತಲೆ ತಗ್ಗಿಸಿದಳು. “ಅಕಿನ ಒಬ್ಬಾಕಿ ನನಗ.”

ಹೊರಗೆ ಮೈಕಿನಲ್ಲಿ ಪಾತರಗಿತ್ತಿಗಳು ತಯಾರಾಗಬೇಕೆಂದು ಕೂಗಿದರು. ಶಮಶಾದಬಿ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ಪಿನ್ನುಗಳ ಡಬ್ಬಿಯನ್ನು ಮುಮ್ತಾಜಳ ಕೈಗಿಟ್ಟಳು.

“ರೆಕ್ಕಿ ನೀನ ಕಟ್ಟು ಹೋಗವಾ. ಲಾಡಿನ ಬಗಲಾಗಿಂದ ತಂದು ಬೆನ್ನಿಗೆ ಗಂಟು ಹಾಕು. ಬಿಗಿ ಮಾಡಬ್ಯಾಡ, ಉಸಿರು ಕಟ್ಟತೈತಿ. ತಂತಿ ಚುಚ್ಚಬಾರದಂತ ಅರಿವಿ ಸುತ್ತೀನಿ, ಆದ್ರೂ ಒಮ್ಮಿ ಕೈ ಆಡಿಸಿ ನೋಡು.”

“ನೀವು ಬರ್ರಿ ಖಾಲಾ. ನಾ ಬಾಜೂಕ ಇರ್ತೀನಿ, ಅಂಜಾಂಗಿಲ್ಲ ಅಕಿ.”

“ಬ್ಯಾಡವಾ. ಮುಟ್ಟಿದ್ರ ನಂಗ ಅಳು ತಡೀಲಿಕ್ಕೆ ಆಗಾಂಗಿಲ್ಲ.”

ಮುಮ್ತಾಜ ಅವಳ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು, ಡಬ್ಬಿ ತೆಗೆದುಕೊಂಡು ಹೊರಟುಹೋದಳು. ಶಮಶಾದಬಿ ಕುಣಿತ ನೋಡಿದ್ದು ವೇದಿಕೆಯ ಹಿಂದಿನ ಪರದೆಯ ಸಂದಿನಿಂದ. ಅಲ್ಲಿಂದ ಮಕ್ಕಳ ಬೆನ್ನು ಮಾತ್ರ ಕಾಣುತ್ತಿತ್ತು. ಮುನ್ನಿ ಮೊದಮೊದಲು ಅತ್ತಿತ್ತ ಹೆದರಿ ನೋಡಿದಳು. ಅಜ್ಜಿ ಎಲ್ಲಿಯೂ ಇಲ್ಲವೆಂದು ಖಾತ್ರಿಯಾದ ಮೇಲೆ ಮೈಬಿಟ್ಟು ಕುಣಿದಳು. ಬಟ್ಟೆ ಎಲ್ಲಿಯೂ ಹಿಡಿಯಲಿಲ್ಲ, ಎಲ್ಲಿಯೂ ಜಾರಲಿಲ್ಲ. ಹಾಡು ಮುಗಿದು ಚಪ್ಪಾಳೆ ಬೀಳುವಾಗ ಮುನ್ನಿ ಮೆಟ್ಟಿಲಿಳಿದು “ಅಮ್ಮೀ” ಎನ್ನುತ್ತ ಮುಮ್ತಾಜಳ ಕೊರಳಿಗೆ ಬಿದ್ದಳು.

ಹೊರಡುವಾಗ ಸ್ನೇಹಾ ಟೀಚರ್ ಓಡಿ ಬಂದಳು. “ಎಲ್ಲಾರೂ ಭಾಳ ಹೊಗಳಾಕತ್ಯಾರ್ರಿ ಅಮ್ಮಾ. ಮುಂದಿನ ವರ್ಷಾನೂ ನೀವ ಹೊಲೀಬೇಕ್ರಿ ಮತ್ತ.”

“ಬ್ಯಾರೆಯವರಿಗೆ ಹೇಳ್ರಿ ಟೀಚರ್. ನನಗಿನ್ನ ಇಷ್ಟು ದೂರ ಆಗಾಂಗಿಲ್ಲ” ಎಂದು ಶಮಶಾದಬಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಬೆಟಗೇರಿಯ ಮನೆ ಮುಟ್ಟಿದಾಗ ಸಂಜೆಯ ಮಗರಿಬ್ ಆಜಾನ್ ಆಗುತ್ತಿತ್ತು. ಮಾಶಾಕ ಬಾಗಿಲಿನವರೆಗೂ ತೆವಳಿಕೊಂಡು ಬಂದು ಕೂತಿದ್ದ. ಬೆಳಗಿನಿಂದ ಊಟ ಮಾಡಿರಲಿಲ್ಲ. ತಟ್ಟೆ ಹಾಗೆಯೇ ಮುಚ್ಚಿಟ್ಟಿತ್ತು.

“ಹೇಳಿದಿ?”

“ಹೂಂ.”

“ನಾನಿ ಅಂದಳೇನು?”

ಶಮಶಾದಬಿ ಚಪ್ಪಲಿ ಬಿಟ್ಟಳು. ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದಳು. ಗಂಡನ ಕಣ್ಣು ಅವಳನ್ನೇ ಹಿಂಬಾಲಿಸುತ್ತಿತ್ತು.

“ಅಂದಳು” ಎಂದಳು.

“ನನ್ನ ಹೆಸರೂ ಹೇಳಿದಿ?”

“ಹೇಳಿದ್ನಿ. ನಾನಾನ್ನ ನೋಡಾಕ ಬರ್ತೀನಿ ಅಂದಳು.”

ಮಾಶಾಕ ಬಲಗೈಯಿಂದ ಅವಳ ಸೆರಗು ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡ. “ಹ್ಯಾಂಗ ಅಂದಳ ಶಮಶಾದ? ಅಕಿ ಅಂದಂಗ ಅಂದು ತೋರ್ಸು.”

ಶಮಶಾದಬಿಗೆ ಗೊತ್ತಿದ್ದ ಆ ಮಗುವಿನ ದನಿ ಎಷ್ಟು? ಹಣೆಯ ಗಾಯದ ನಾಲ್ಕು ಮಾತು, ಮುಂಡರಗಿಯ ಒಂದು ಮಾತು, ಇವತ್ತು ಬೇರೊಬ್ಬಳ ಕೊರಳಿಗೆ ಬೀಳುವಾಗ ಕೂಗಿದ ಒಂದು ಕೂಗು. ಅಷ್ಟನ್ನೇ ನೆನೆಸಿಕೊಂಡು, ಕಣ್ಣು ಮುಚ್ಚಿ, ಎಳೆಯ ದನಿ ಮಾಡಿ ಅಂದಳು.

“ನಾನಿ...”

ಮಾಶಾಕ ಕಣ್ಣೀರು ಸುರಿಸುತ್ತ ನಗುತ್ತಿದ್ದ. “ಇನ್ನೊಮ್ಮಿ ಅನ್ನು” ಎಂದ.

ಅವಳು ಇನ್ನೊಮ್ಮೆ ಅಂದಳು.